ಕಾಗುಣಿತಕ್ಕೆ ಮೊದಲು ಕಥೆ: ಪುಟ್ಟ ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ?

ಕಾಗುಣಿತ ಮುಗಿಯಲಿ, ಆಮೇಲೆ ಕಥೆ ಪುಸ್ತಕ ಕೊಡಿಸೋಣ ಎಂದು ಕಾಯುವ ಹೆತ್ತವರು ಬಹಳ ಮಂದಿ. ಈ ಕ್ರಮವನ್ನು ತಿರುವು ಮುರುವು ಮಾಡಿಕೊಳ್ಳುವುದು ಒಳ್ಳೆಯದು. ಅಕ್ಷರದ ಗಂಧವೇ ಇಲ್ಲದ ಎರಡು ಮೂರು ವರ್ಷದ ಮಗುವಿಗೂ ಪುಸ್ತಕವೆಂದರೆ ಅಮ್ಮನ ಮಡಿಲು, ಅಜ್ಜನ ದನಿ ಎಂಬ ನಂಟು ಮೊದಲು ಬೆಳೆಯಬೇಕು.

ಅದಕ್ಕಾಗಿ ಮೊದಲನೆಯದಾಗಿ ಹೊತ್ತು ಗೊತ್ತುಮಾಡಿಕೊಳ್ಳಿ. ರಾತ್ರಿ ಊಟವಾದ ಮೇಲೆ, ಟಿ.ವಿ. ಆರಿಸಿ, ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು, ಹತ್ತು ಹದಿನೈದು ನಿಮಿಷ ಗಟ್ಟಿಯಾಗಿ ಓದಿ ಹೇಳಿದರೆ ಸಾಕು. ಪುಟ ತಿರುಗಿಸುವ ಕೆಲಸ ಮಗುವಿಗೇ ಇರಲಿ. ಹೊಸ ಪುಸ್ತಕವಿದ್ದರೂ ಮಗು ನಿನ್ನೆಯದನ್ನೇ ತಂದು ಕೊಡುತ್ತದೆ; ಬೇಸರಿಸದೆ ಅದನ್ನೇ ಓದಿ. ನಮ್ಮ ಮನೆಯ ನಾಲ್ಕು ವರ್ಷದ ಹುಡುಗಿಗೆ ಒಂದು ಕಥೆಯನ್ನು ಇಪ್ಪತ್ತನೆಯ ಸಲವೋ ಏನೋ ಓದುವಾಗ, ನಿದ್ದೆಗಣ್ಣಿನಲ್ಲಿ ನಾನು ಒಂದು ಪುಟ ಹಾರಿಸಿದೆ. ಕೂಡಲೇ ನನ್ನ ಕೈ ಹಿಡಿದು, "ಕಾಗೆ ಎಲ್ಲಿ?" ಎಂದಳು.

ಎರಡನೆಯದು, ಓದುತ್ತಾ ಪದಗಳ ಕೆಳಗೆ ಬೆರಳು ಆಡಿಸುವುದು. ಕನ್ನಡದಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಶಾಲೆಯಲ್ಲಿ ಒತ್ತಕ್ಷರ ಬರುವುದು ಕಾಗುಣಿತವಾದ ಮೇಲೆ. ಆದರೆ ಮಗುವಿನ ಅಕ್ಕರೆಯ ಪದಗಳಾದ ಅಮ್ಮ, ಅಪ್ಪ, ಅಜ್ಜಿ, ಅಕ್ಕ, ಬೆಕ್ಕು ಎಲ್ಲದರಲ್ಲೂ ಒತ್ತು ಇದೆ. ಸಾಲದ್ದಕ್ಕೆ, 'ಬೆಕ್ಕು' ಎಂದು ಬರೆದಾಗ ಕೊಂಬು ಮೇಲಿನ ಕಕಾರಕ್ಕೆ ಅಂಟಿಕೊಂಡಿರುತ್ತದೆ, ಅದರ ಉಚ್ಚಾರ ಮಾತ್ರ ಕೆಳಗಿನ ಒತ್ತಿನ ನಂತರ. ಬಿಡಿಬಿಡಿಯಾಗಿ ಓದುವ ಮಗು 'ಬೆ, ಕು' ಎಂದು ಅಲ್ಲೇ ನಿಲ್ಲುವುದು ಇದರಿಂದಲೇ. ಬೆಕ್ಕಿನ ಚಿತ್ರದೊಡನೆ ಇಡೀ ಪದವನ್ನು ಹತ್ತಾರು ಸಲ ಕಂಡ ಮಗು ಒತ್ತಕ್ಷರದ ಹೆಸರೂ ತಿಳಿಯದೆ ಅದನ್ನು ಗುರುತಿಸಿಬಿಡುತ್ತದೆ.

ಮಗು ತಾನೇ ಓದಲು ತೊಡಗಿದಾಗ ಒಂದು ಪುಟ ನೀವು, ಒಂದು ಪುಟ ಅದು ಎಂದು ಹಂಚಿಕೊಳ್ಳಿ. ತಡವರಿಸಿದ ಪದವನ್ನು ನೀವೇ ಹೇಳಿ ಮುಂದೆ ಸಾಗಿ. ಪುಸ್ತಕ ಮುಚ್ಚಿದೊಡನೆ "ಕಥೆಯ ನೀತಿ ಏನು?" ಎಂದು ಕೇಳುವ ನಮ್ಮ ಹಳೆಯ ಚಾಳಿಯನ್ನಂತೂ ಬಿಡಲೇಬೇಕು, ಪರೀಕ್ಷೆಯ ವಾಸನೆ ಬಡಿದ ಪುಸ್ತಕವನ್ನು ಮಗು ಮರುದಿನ ತರುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ರಾತ್ರಿಯ ಓದು ಮನೆಮಾತಿನಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ.

ಪುಸ್ತಕಕ್ಕೆ ಹೆಚ್ಚು ಹಣ ಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿರುವುದರಿಂದ ಮೊದಲ ಹಂತದವನ್ನು ಆರಿಸಿ, ಸಾಧ್ಯವಾದರೆ ಮುದ್ರಿಸಿಕೊಳ್ಳಿ. ಹಳ್ಳಿಗಳಲ್ಲಿ, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ, 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಅಲ್ಲಿ ಪುಸ್ತಕವನ್ನು ಮಗುವೇ ಆರಿಸಲಿ, ಅದು ನಿಮಗೆ ಎಷ್ಟೇ ಕ್ಷುಲ್ಲಕವಾಗಿ ಕಂಡರೂ.

ತಂದ ಪುಸ್ತಕಗಳನ್ನು ಗಾಜಿನ ಕಪಾಟಿನಲ್ಲಿ ಇಡದೆ, ಕೈಗೆಟಕುವಂತೆ ಚಾಪೆಯ ಪಕ್ಕದ ಬುಟ್ಟಿಯಲ್ಲಿ ಇಡಿ. ಒಂದೆರಡು ಹಾಳೆ ಹರಿಯುತ್ತವೆ. ಗೋಂದು ತಂದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಟಿಸಿ.