ಬಿಲ್ಲಿಲ್ಲದ ಬೇಟೆ: ಕಲ್ಲುಬೆಟ್ಟದ ಚಿಟ್ಟುಕೋಳಿ

ನಮ್ಮ ತುಮಕೂರು ಕಡೆಯ ಕಲ್ಲುಬೆಟ್ಟಗಳಲ್ಲಿ ಚಿಟ್ಟುಕೋಳಿ ಇದೆ. ಅಳಿದುಹೋಗುತ್ತಿರುವ ಹಕ್ಕಿಯೇನಲ್ಲ. ಆದರೂ ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರನ್ನು ಕೇಳಿ, ಬಹಳ ಜನ ಅದನ್ನು ಸರಿಯಾಗಿ ನೋಡಿಯೇ ಇರಲ್ಲ. ಪೊದೆಯೊಳಗೆ ಏನೋ ಸರಸರ ಓಡಿತು, ಕಾಡುಕೋಳಿ ಇರಬೇಕು ಅಂದುಕೊಂಡು ದಾರಿ ಹಿಡಿದಿರುತ್ತಾರೆ. ನಾನೂ ವರ್ಷಗಟ್ಟಲೆ ಆ ಸರಸರ ಸದ್ದನ್ನಷ್ಟೇ ಕೇಳಿಕೊಂಡು ಬಂದವನು.

ಪಕ್ಷಿ ನೋಡುವವರು ಇದನ್ನು ಪೇಂಟೆಡ್ ಸ್ಪರ್‌ಫೌಲ್ ಅನ್ನುತ್ತಾರೆ. ಸುಮಾರು 30 ಸೆಂ.ಮೀ. ಉದ್ದ, ತೂಕ ಕಾಲು ಕೆಜಿ ಆಸುಪಾಸು. ಗಂಡಿನ ಬೆನ್ನು ಕಂದುಗೆಂಪು, ಅದರ ಮೇಲೆಲ್ಲ ಬಿಳಿ ಚುಕ್ಕೆ. ತಲೆ ಕಪ್ಪು, ಅಲ್ಲೂ ಸಣ್ಣ ಬಿಳಿ ಚುಕ್ಕೆ. ಹೊಟ್ಟೆ ಮಾಸಲು ಹಳದಿ, ಅಲ್ಲಿ ಕಪ್ಪು ಚುಕ್ಕೆ. ಕಾಲಿನಲ್ಲಿ ಒಂದಕ್ಕಿಂತ ಹೆಚ್ಚು ಮುಳ್ಳು. ಹೆಣ್ಣು ಪಾಪ, ಬರೀ ಕಂದು. ಇದರ ಹತ್ತಿರದ ನೆಂಟ ಕೆಂಪು ಚಿಟ್ಟುಕೋಳಿಗೆ ಕಣ್ಣಿನ ಸುತ್ತ ಕೆಂಪು ಚರ್ಮ, ಕೆಂಪು ಕಾಲು. ಇದಕ್ಕೆ ಅವೆರಡೂ ಇಲ್ಲ. ಅರೆಗತ್ತಲಲ್ಲಿ ಗೊಂದಲ ಆದರೆ ನಾನು ಮೊದಲು ನೋಡುವುದು ಕಾಲನ್ನೇ.

ಬೇಟೆ ಅಂದೆ, ಆದರೆ ನನ್ನ ಕೈಯಲ್ಲಿ ಇರುವುದು ಕ್ಯಾಮೆರಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಹಕ್ಕಿಗೆ ಬಂದೂಕು, ಬಿಲ್ಲು, ಉರುಳು ಯಾವುದನ್ನು ಹಿಡಿದರೂ ಕೇಸು. ಹೊರದೇಶದ ಕಥೆ ಬೇರೆ. ಅಮೆರಿಕದ ನೆವಾಡಾ ರಾಜ್ಯದ ರೂಬಿ ಪರ್ವತಗಳಿಗೆ 1963ರಿಂದ ನಮ್ಮ ಹಿಮಾಲಯದ ಕಡೆಯ ಸ್ನೋಕಾಕ್ ಅನ್ನುವ ದೊಡ್ಡ ಕೋಳಿಯನ್ನು ತಂದು ಬಿಟ್ಟರು. ಅದು ಅಲ್ಲಿನ ಬಂಡೆಗಳಲ್ಲಿ ನೆಲೆ ನಿಂತಿತು. ಈಗ ಅದನ್ನು ಹೊಡೆಯಲು ಬೆಟ್ಟ ಹತ್ತುವವರಿದ್ದಾರೆ, ಕೆಲವರು ಬಿಲ್ಲು ಹಿಡಿದೇ ಹತ್ತುತ್ತಾರೆ. ಕೊಲ್ಲುವುದು ನನಗೆ ಬೇಡ. ಆದರೆ ಬಿಲ್ಲಿನವರ ಒಂದು ಕಷ್ಟ ನನ್ನ ಕಷ್ಟವೂ ಹೌದು. ಬಂದೂಕಿನ ಹಾಗೆ ದೂರದಿಂದ ಕೆಲಸ ಮುಗಿಯಲ್ಲ, ಹತ್ತಿರ ಹೋಗಲೇಬೇಕು. ನನ್ನ 400 ಎಂಎಂ ಲೆನ್ಸಿಗೆ ಈ ಸಣ್ಣ ಹಕ್ಕಿ ಹದಿನೈದು ಮೀಟರ್ ಒಳಗೆ ಬಂದರೆ ಮಾತ್ರ ಗರಿ ಗರಿಯಾಗಿ ಕಾಣುತ್ತದೆ.

ಹದಿನೈದು ಮೀಟರಿಗೆ ನೀವು ಹೋಗುತ್ತೀರಾ? ಸಾಧ್ಯವೇ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಬೆಟ್ಟದ ಮೇಲೆ ಒಣ ಎಲೆ ಬಿದ್ದಿರುತ್ತದೆ, ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಎಲೆ ಇಲ್ಲದ ಕಡೆ ಬಂಡೆಯ ಮೇಲೆ ಮರಳು ಜಾರುತ್ತದೆ. ಚಿಟ್ಟುಕೋಳಿ ಹಾರುವುದು ಕೊನೆಯ ಉಪಾಯ. ಮೊದಲು ಕಾಲಿಗೆ ಬುದ್ಧಿ ಹೇಳುತ್ತದೆ. ಎರಡು ಗುಂಡುಕಲ್ಲಿನ ಮಧ್ಯೆ ಒಂದು ಗೇಣು ಸಂದಿ ಇದ್ದರೆ ಸಾಕು, ಒಳಗೆ ನುಗ್ಗಿ ಇನ್ನೊಂದು ಕಡೆಯಿಂದ ಮಾಯ. ಹಾಗಾಗಿ ಈ ಹಕ್ಕಿಯ ವಿಷಯದಲ್ಲಿ ನಾನು ಕಲಿತದ್ದು ಒಂದೇ: ಅದು ಬರುವ ಜಾಗಕ್ಕೆ ಅದಕ್ಕಿಂತ ಮುಂಚೆ ಹೋಗಿ ಕೂರುವುದು. ಮಿಕ್ಕಿದ್ದೆಲ್ಲ ಆ ಜಾಗ ಯಾವುದು ಅಂತ ಹುಡುಕುವ ಕೆಲಸ.

ಹುಡುಕಾಟಕ್ಕೆ ಕ್ಯಾಮೆರಾ ಒಯ್ಯುವುದಿಲ್ಲ. ಹೊತ್ತು ಏರಿದ ಮೇಲೆ, ಹಕ್ಕಿಗಳು ನೆರಳಿಗೆ ಸೇರಿದ ಸಮಯದಲ್ಲಿ ಸುಮ್ನೆ ನೆಲ ನೋಡುತ್ತಾ ಓಡಾಡುತ್ತೇನೆ. ಲಂಟಾನ ಪೊದೆ, ಎಲಚಿ ಗಿಡ, ಕವಳೆ ಗಿಡ, ಇವುಗಳ ಬುಡ ನೋಡಬೇಕು. ಚಿಟ್ಟುಕೋಳಿ ಬೀಜ, ಹಣ್ಣು, ಗೆದ್ದಲು, ಹುಳ ಎಲ್ಲ ತಿನ್ನುತ್ತದೆ. ನಾಟಿ ಕೋಳಿಯ ಹಾಗೇ ಕೆದಕಿ ತಿನ್ನುವ ಅಭ್ಯಾಸ. ಕೆದಕಿದ ಜಾಗದಲ್ಲಿ ಎಲೆಗಳು ಒಂದೇ ಕಡೆಗೆ ಹಾರಿಬಿದ್ದಿರುತ್ತವೆ, ಕೆಳಗಿನ ಮಣ್ಣು ಕಾಣುತ್ತದೆ. ಮಣ್ಣು ಇನ್ನೂ ಬಣ್ಣ ಮಾಸದೆ ಇದ್ದರೆ ಇವತ್ತಿನದು. ಬಂಡೆಯ ಬುಡದಲ್ಲಿ ನುಣ್ಣನೆಯ ಮಣ್ಣಿನ ಸಣ್ಣ ಗುಳಿ ಇದ್ದರೆ ಅದು ಮಣ್ಣು ಮೈಗೆ ಎರಚಿಕೊಳ್ಳುವ ಜಾಗ. ಅಲ್ಲೊಂದು ಗರಿ ಸಿಕ್ಕಿದರೆ ಅನುಮಾನವೇ ಬೇಡ. ಗೌಜಲಕ್ಕಿಯೂ ಹೀಗೇ ಮಾಡುತ್ತದೆ ನಿಜ, ಆದರೆ ಅದಕ್ಕೆ ಬಯಲು, ಹೊಲದ ಬದು ಇಷ್ಟ. ದೊಡ್ಡ ಬಂಡೆಗಳ ಒತ್ತಿನಲ್ಲಿ ಕೆದಕಿದ ಗುರುತು ಕಂಡರೆ ನಾನು ಚಿಟ್ಟುಕೋಳಿಯ ಕಡೆಗೇ ವಾಲುತ್ತೇನೆ.

ಒಂದು ಬೇಜಾರಿನ ಮಾತು. ಉರುಳು ಕಟ್ಟುವವರು ಓದುವುದೂ ಇದೇ ಗುರುತುಗಳನ್ನೇ. ಮುಳ್ಳಿನ ಕೊಂಬೆಗಳನ್ನು ಮೊಣಕಾಲೆತ್ತರಕ್ಕೂ ಕಡಿಮೆ ಬೇಲಿಯ ಹಾಗೆ ಜೋಡಿಸಿ, ನಡುನಡುವೆ ಸಣ್ಣ ಗಂಡಿ ಬಿಟ್ಟಿರುತ್ತಾರೆ. ಗಂಡಿಯಲ್ಲಿ ಉರುಳು. ಹಾರಲು ಸೋಮಾರಿಯಾದ ಹಕ್ಕಿ ಗಂಡಿಯಲ್ಲೇ ನುಸುಳುತ್ತದೆ. ಅಂಥದ್ದು ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ಅರಣ್ಯ ಇಲಾಖೆಯ ವಾಚರ್‌ಗೆ ತೋರಿಸುತ್ತೇನೆ. ಮೀಸಲು ಅರಣ್ಯಕ್ಕೆ ಹೋಗಲು ಹೇಗೂ ಇಲಾಖೆಯ ಒಪ್ಪಿಗೆ ಬೇಕು. ವಾಚರ್ ಪರಿಚಯ ಇದ್ದರೆ ಎರಡೂ ಕೆಲಸ ಆಗುತ್ತದೆ.

ಗುರುತು ಸಿಕ್ಕಿದರೂ ಕೂರುವ ಜಾಗ ಸಿಕ್ಕಿದಂತಲ್ಲ. ಬೆಟ್ಟ ದೊಡ್ಡದು, ಹಕ್ಕಿ ಇವತ್ತು ಇಲ್ಲಿ ಕೆದಕಿದರೆ ನಾಳೆ ಅಲ್ಲಿ. ಈ ಗಂಟು ಬಿಡಿಸಿದ್ದು ಮಧುಗಿರಿ ಕಡೆ ಆಡು ಮೇಯಿಸುವ ಒಬ್ಬ ತಾತ. ನನ್ನ ಬ್ಯಾಗು, ಲೆನ್ಸು ಎಲ್ಲ ಮೇಲಿಂದ ಕೆಳಗೆ ನೋಡಿ, "ಏನಪ್ಪಾ, ಚಿರತೆ ನೋಡಾಕೆ ಬಂದ್ಯಾ?" ಅಂದರು.

"ಇಲ್ಲ ತಾತ, ಚುಕ್ಕೆ ಚುಕ್ಕೆ ಇರೋ ಕೋಳಿ. ಬಂಡೆ ಸಂದೀಲಿ ಓಡ್ತದಲ್ಲ, ಅದು."

"ಅದಾ? ಅದ್ಕೆ ಈ ಬಿಸ್ಲಲ್ಲಿ ಯಾಕಪ್ಪಾ ಸುತ್ತೀಯ? ಮೇಲೊಂದು ದೊಣೆ ಐತೆ. ಕೆಳಗಿನ ಕಟ್ಟೆ ಒಣಗಿದ್ ಮೇಲೆ ಎಲ್ಲಾ ಅಲ್ಲಿಗೇ ಬರ್ಬೇಕು. ಆಡು ಹತ್ತೋಕೆ ಮುಂಚೆ ಹೋಗಿ ಕೂತ್ಕೋ. ಆಡು ಬಂದ್ರೆ ಅದು ಬರಾಕಿಲ್ಲ."

ದೊಣೆ ಅಂದರೆ ಬಂಡೆಯ ಮೇಲಿನ ಗುಳಿಯಲ್ಲಿ ಮಳೆನೀರು ನಿಂತ ಜಾಗ. ನಮ್ಮ ಪ್ರತಿ ಬೆಟ್ಟದಲ್ಲೂ ಒಂದೆರಡು ಇರುತ್ತವೆ. ಕೆಲವು ಜನವರಿಗೇ ಒಣಗುತ್ತವೆ. ನೆರಳಿನಲ್ಲಿ ಇರುವ ಆಳದ ದೊಣೆ ಏಪ್ರಿಲ್‌ವರೆಗೂ ನೀರು ಹಿಡಿದಿರುತ್ತದೆ. ಅಂಥ ಒಂದು ದೊಣೆ, ಅದರ ಮೂರೂ ಕಡೆ ಗುಂಡುಕಲ್ಲು, ಒಂದು ಕಡೆ ಪೊದೆ. ಪೊದೆಯಿಂದ ನೀರಿಗೆ ನಾಲ್ಕೈದು ಹೆಜ್ಜೆ ಬಯಲು. ಇಷ್ಟು ಇದ್ದರೆ ಬೇರೇನೂ ಬೇಡ. ಬಯಲು ಜಾಸ್ತಿ ಇರುವ ದೊಣೆಗೆ ನವಿಲು ಬರುತ್ತದೆ, ಚಿಟ್ಟುಕೋಳಿ ಹಿಂಜರಿಯುತ್ತದೆ.

ಕೂರುವುದಕ್ಕೆ ಮುಂಚೆ ಕರಡಿಯ ಲೆಕ್ಕ ಹಾಕಬೇಕು. ಇದನ್ನು ತಮಾಷೆ ಅಂದುಕೊಳ್ಳಬೇಡಿ. ತುಮಕೂರು ಜಿಲ್ಲೆಯ ಈ ಬೆಟ್ಟಗಳು ಕರಡಿ, ಚಿರತೆ ಎರಡಕ್ಕೂ ಮನೆ. ನೀರು ಇರುವ ಕಡೆ ಅವೂ ಬರುತ್ತವೆ. ಪೂರ್ತಿ ಕತ್ತಲಲ್ಲಿ ನಾನು ಹತ್ತುವುದಿಲ್ಲ. ಕಾಲ ಕೆಳಗಿನ ಕಲ್ಲು ಬರಿಗಣ್ಣಿಗೆ ಕಾಣುವಷ್ಟು ಬೆಳಕಾದ ಮೇಲೆಯೇ ಹೊರಡುವುದು. ಜೊತೆಗೆ ಒಬ್ಬರು ಇರಲೇಬೇಕು. ಹತ್ತುವಾಗ ಕೋಲಿನಿಂದ ಬಂಡೆ ಕುಟ್ಟುತ್ತಾ, ಮಾತಾಡುತ್ತಾ ಹೋಗುತ್ತೇವೆ. ಗುಟ್ಟಾಗಿ ಹೋಗಿ ಕರಡಿಯ ಮೂತಿಗೆ ಮೂತಿ ಕೊಡುವುದಕ್ಕಿಂತ ಹಕ್ಕಿ ಓಡಿದರೂ ಪರವಾಗಿಲ್ಲ. ನಮ್ಮ ಗಲಾಟೆಗೆ ಚಿಟ್ಟುಕೋಳಿ ಓಡುತ್ತದೆ, ಕೂತು ಅರ್ಧ ಗಂಟೆ ಸುಮ್ಮನಿದ್ದರೆ ಮರಳುತ್ತದೆ. ಗವಿಯ ಬಾಯಿಗೆ ಬೆನ್ನು ಮಾಡಿ ಯಾವತ್ತೂ ಕೂರಬೇಡಿ. ಗಾಳಿಯ ವಿಷಯದಲ್ಲಿ ನಾನು ಉಳಿದ ಬೇಟೆಗಾರರಿಗೆ ಉಲ್ಟಾ. ಜಿಂಕೆ ಬೇಟೆಯವರು ತಮ್ಮ ವಾಸನೆ ಪ್ರಾಣಿಗೆ ಹೋಗದ ಹಾಗೆ ಕೂರುತ್ತಾರೆ. ಈ ಹಕ್ಕಿ ನಂಬಿರುವುದು ಕಣ್ಣು ಕಿವಿಯನ್ನು. ಕರಡಿಗೆ ಕಣ್ಣು ಮಂದ, ಮೂಗು ಚುರುಕು. ಹಾಗಾಗಿ ನನ್ನ ವಾಸನೆ ಗವಿಯ ಕಡೆಗೆ ಹೋಗಲಿ ಅಂತಲೇ ಜಾಗ ಆರಿಸುತ್ತೇನೆ. ಇಲ್ಲೊಬ್ಬ ಇದ್ದಾನೆ ಅಂತ ಅದಕ್ಕೆ ಮೊದಲೇ ಗೊತ್ತಾಗಲಿ.

ದೊಣೆಗಿಂತ ಸ್ವಲ್ಪ ಕೆಳಗೆ, ಬಂಡೆಗೆ ಒರಗಿ ಕೂರುತ್ತೇನೆ. ಮೇಲೆ ಕೂತರೆ ಆಕಾಶದ ಎದುರು ನಮ್ಮ ತಲೆ ಎದ್ದು ಕಾಣುತ್ತದೆ. ಕೆಳಗೆ ಕೂತರೆ ಬೆನ್ನ ಹಿಂದಿನ ಕಲ್ಲಿನಲ್ಲಿ ಮೈ ಕರಗುತ್ತದೆ, ಫೋಟೋದಲ್ಲೂ ಹಕ್ಕಿಯ ಕಣ್ಣಿನ ಮಟ್ಟ ಸಿಗುತ್ತದೆ. ದುಬಾರಿ ಹಸಿರು ಮಚ್ಚೆಯ ಬಟ್ಟೆ ಬೇಕಿಲ್ಲ. ಮಾಸಿದ ಖಾಕಿ ಅಂಗಿ ಸಾಕು. ಮಿಂಚುವುದು ಮುಖ ಮತ್ತು ಕೈ. ತಲೆಗೆ ಒಂದು ಹಳೇ ಕಂದು ಟವೆಲ್ ಹೊದ್ದರೆ ಮುಖಕ್ಕೂ ನೆರಳು. ಬ್ಯಾಗಿನ ಜಿಪ್ಪು ಮೊದಲೇ ತೆಗೆದಿಡಬೇಕು, ಪರಪರ ಅನ್ನುವ ವೆಲ್ಕ್ರೋ ಅಂತೂ ಬೇಡವೇ ಬೇಡ. ತಿನ್ನಲು ಕಡ್ಲೆಕಾಯಿ ತಂದ ಗೆಳೆಯನಿಗೆ ನಾನು ಈಗಲೂ ಬೈಯುತ್ತೇನೆ. ರಾಗಿ ರೊಟ್ಟಿ ಸುತ್ತಿಕೊಂಡು ಬನ್ನಿ, ಸದ್ದಿಲ್ಲ. ಟ್ರೈಪಾಡ್ ಕಲ್ಲಿನ ಮೇಲೆ ಟಣ್ ಅನ್ನುತ್ತದೆ, ಅದಕ್ಕೆ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದು, ರಾಗಿ ತುಂಬಿದ ಚೀಲ ಇಟ್ಟುಕೊಂಡಿದ್ದೇನೆ. ಬಂಡೆಯ ಮೇಲೆ ಚೀಲ, ಚೀಲದ ಮೇಲೆ ಲೆನ್ಸು. ಅಲುಗುವುದಿಲ್ಲ.

ಆಮೇಲೆ ಕಾಯುವುದು. ನಾನು ಕಂಡ ಮಟ್ಟಿಗೆ ಮೊದಲು ಪಿಕಳಾರಗಳು ಬರುತ್ತವೆ. ಅದೃಷ್ಟ ಇದ್ದರೆ ಹಳದಿ ಕೊರಳಿನ ಪಿಕಳಾರವೂ ಬರುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದನ್ನು ನೋಡಲೆಂದೇ ದೂರದಿಂದ ಬರುವವರಿದ್ದಾರೆ. ಆಮೇಲೆ ಹರಟೆಮಲ್ಲಗಳ ಗುಂಪು, ಅವುಗಳ ಜಗಳ. ಹರಟೆಮಲ್ಲಗಳು ನನ್ನನ್ನು ಕಂಡು ಕಿರುಚದೆ ನೀರು ಕುಡಿದು ಹೋದರೆ ನಾನು ಸರಿಯಾಗಿ ಕೂತಿದ್ದೇನೆ ಅಂತ ಲೆಕ್ಕ. ಅವು ಕಿರುಚಿದ ದಿನ ಚಿಟ್ಟುಕೋಳಿಯ ಆಸೆ ಬಿಡುತ್ತೇನೆ.

ಒಂದು ಮಾರ್ಚಿನ ಬೆಳಿಗ್ಗೆ ಅವು ಸುಮ್ಮನೆ ಹೋದವು. ಪೊದೆಯೊಳಗೆ ಎಲೆ ಕೆದಕುವ ಸದ್ದು. ನಿಂತಿತು. ಮತ್ತೆ ಕೆದಕಾಟ. ಹೆಣ್ಣು ಮೊದಲು ಹೊರಗೆ ಬಂತು. ಒಂದು ಹೆಜ್ಜೆ, ನಿಲ್ಲುವುದು, ಕತ್ತು ಉದ್ದ ಮಾಡುವುದು, ಮತ್ತೊಂದು ಹೆಜ್ಜೆ. ನನ್ನ ಕ್ಯಾಮೆರಾ ಇನ್ನೂ ಹಕ್ಕಿಯ ಕಡೆ ತಿರುಗಿರಲಿಲ್ಲ. ತಿರುಗಿಸಿದರೆ ಕಥೆ ಮುಗಿಯಿತು. ಇಲ್ಲಿ ಬಿಲ್ಲಿನವರ ಒಂದು ಪಾಠ ಕೈಹಿಡಿಯಿತು. ಪ್ರಾಣಿಯ ತಲೆ ಮರದ ಹಿಂದೆ ಮರೆಯಾದಾಗ ಮಾತ್ರ ಅವರು ಹೆದೆ ಎಳೆಯುತ್ತಾರೆ. ಹೆಣ್ಣು ಒಂದು ಗುಂಡುಕಲ್ಲಿನ ಹಿಂದೆ ಸರಿಯಿತು, ನಾನು ಲೆನ್ಸ್ ತಿರುಗಿಸಿದೆ. ಆ ಹೊತ್ತಿಗೆ ಗಂಡು ಹೊರಗೆ ಬಂದಿತ್ತು. ಅದು ನೆಲದಿಂದ ಏನನ್ನೋ ಹೆಕ್ಕಿ, ನುಂಗದೆ, ಮೆಲ್ಲಗೆ ಲೊಚಗುಟ್ಟಿತು. ಹೆಣ್ಣು ಓಡಿ ಬಂದು ತಿಂದಿತು. ಹುಂಜ ಹೇಂಟೆಯನ್ನು ಕರೆದು ಕಾಳು ತೋರಿಸುವುದನ್ನು ನೋಡಿದ್ದೀರಲ್ಲ, ಥೇಟ್ ಅದೇ. ನಾನು ಅದನ್ನು ನೋಡುತ್ತಾ ಕೂತು ಬಟನ್ ಒತ್ತುವುದು ತಡವಾಯಿತು. ನೀರು ಕುಡಿಯಲು ತಲೆ ಬಗ್ಗಿಸಿದಾಗ ಒತ್ತಿದೆ.

ಕ್ಯಾಮೆರಾದ ವಿಷಯ ಬೇಗ ಹೇಳಿಬಿಡುತ್ತೇನೆ. ಸದ್ದಿಲ್ಲದ ಶಟರ್ ಇರಲಿ. ನೆರಳಿನ ಜಾಗ, ಐಎಸ್‌ಒ (ಬೆಳಕು ಹಿಡಿಯುವ ಚುರುಕು) 3200ಕ್ಕೆ ಏರಿಸಲು ಹೆದರಬೇಡಿ. ಶಟರ್ ವೇಗವನ್ನು ಸೆಕೆಂಡಿನ 1/400ಕ್ಕಿಂತ ಕೆಳಗೆ ಇಳಿಸಿದರೆ ಕೆದಕುವ ಕಾಲು ಮಸುಕು. ಹಿನ್ನೆಲೆ ಕಪ್ಪಾಗಿದ್ದಾಗ ಕ್ಯಾಮೆರಾ ತಾನೇ ಬೆಳಕು ಜಾಸ್ತಿ ಮಾಡಿ ಬೆನ್ನಿನ ಬಿಳಿ ಚುಕ್ಕೆಗಳನ್ನು ಸುಟ್ಟುಬಿಡುತ್ತದೆ. ಅದಕ್ಕೆ ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕನ್ನು, ಅರ್ಧ ಸ್ಟಾಪಿಗಿಂತ ಸ್ವಲ್ಪ ಜಾಸ್ತಿಯೇ ಇಳಿಸುತ್ತೇನೆ.

ಹಂಪಿ ಹತ್ತಿರದ ದರೋಜಿ ಕರಡಿಧಾಮದ ಕಡೆ ಈ ಹಕ್ಕಿಯ ಫೋಟೋ ಸುಲಭ, ಅಲ್ಲಿಗೇ ಹೋಗಬಾರದಾ ಅಂತ ಕೆಲವರು ಕೇಳುತ್ತಾರೆ. ಹೋಗಿ, ತಪ್ಪೇನಿಲ್ಲ. ನನಗೆ ನಮ್ಮ ಬೆಟ್ಟದ್ದೇ ಬೇಕಿತ್ತು, ಅಷ್ಟೇ. ಆದರೆ ದಯವಿಟ್ಟು ಇಲ್ಲಿ ಕಾಳು ಚೆಲ್ಲಬೇಡಿ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ. ಮನುಷ್ಯರು ಕಾಳು ಹಾಕುತ್ತಾರೆ ಅಂತ ಕಲಿತ ಹಕ್ಕಿ ಉರುಳು ಹಾಕುವವನ ಹತ್ತಿರಕ್ಕೂ ಹೋಗುತ್ತದೆ.

ಇನ್ನೊಂದು ತೊಡಕು ಇದೆ. ನೀರು ಕಡಿಮೆ, ಎಲೆ ಉದುರಿ ಕಾಣುವುದು ಸುಲಭ, ಹಾಗಾಗಿ ಬೇಸಿಗೆಯೇ ಒಳ್ಳೇ ಕಾಲ. ಆದರೆ ಜನವರಿಯಿಂದ ಜೂನ್ ತನಕ ಅವು ಹೆಚ್ಚಾಗಿ ಮೊಟ್ಟೆ ಇಡುವ ಕಾಲವೂ ಹೌದು. ನೆಲದ ಮೇಲೇ, ಬಂಡೆಯ ಒತ್ತಿನಲ್ಲೋ ಪೊದೆಯ ಬುಡದಲ್ಲೋ ಮೂರರಿಂದ ಐದು ಮೊಟ್ಟೆ. ಆದ್ದರಿಂದ ದೊಣೆಯ ಹತ್ತಿರ ಮಾತ್ರ ಕೂರುತ್ತೇನೆ, ಆ ತಿಂಗಳುಗಳಲ್ಲಿ ಪೊದೆ ಸರಿಸುತ್ತಾ ಅಲೆಯುವುದಿಲ್ಲ. ಬಿಸಿಲು ನೀರಿಗೆ ಬೀಳುವ ಹೊತ್ತಿಗೆ ಎದ್ದುಬಿಡುತ್ತೇನೆ. ಬಾಯಾರಿದ ಪ್ರಾಣಿಗಳು ನಾನು ಹೋಗಲಿ ಅಂತ ಕಾಯಬಾರದು, ಅಲ್ವಾ?

ಫೋಟೋ ನೋಡಿದ ತಕ್ಷಣ ಜನ ಕೇಳುವುದು ಲೊಕೇಶನ್. ಮಧುಗಿರಿ, ಕೊರಟಗೆರೆ ಕಡೆ ಅನ್ನುತ್ತೇನೆ, ಬೆಟ್ಟದ ಹೆಸರು ಹೇಳುವುದಿಲ್ಲ. ಬೆಂಗಳೂರಿನವರಿಗೆ ನಂದಿಬೆಟ್ಟ ಹತ್ತಿರ. ಅಲ್ಲೂ ಬೆಟ್ಟದ ಇಳಿಜಾರಿನ ಬಂಡೆಗಳಲ್ಲಿ ಈ ಹಕ್ಕಿ ಇದೆ. ಭಾನುವಾರ ಮಾತ್ರ ಹೋಗಬೇಡಿ, ಬೆಳಿಗ್ಗೆ ಐದಕ್ಕೇ ಗಾಡಿಗಳ ಸಾಲು ನಿಂತಿರುತ್ತದೆ.