ಕಾರ್ಡು ಬರೆದ ಕೈ, ಕಾರ್ಡು ಹಂಚಿದ ಕೈ

1996ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ನೇಮಕಾತಿ ಆದೇಶ ಹಿಡಿದುಕೊಂಡು ಹೋದಾಗ ನನ್ನ ಬಳಿ ಇದ್ದದ್ದು ಶಿಕ್ಷಕ ತರಬೇತಿಯ ಟಿ.ಸಿ.ಎಚ್. ಪ್ರಮಾಣಪತ್ರ ಮತ್ತು ದಿನಕ್ಕೊಂದು ಪಾಠಯೋಜನೆಯನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುವ ಅಭ್ಯಾಸ. ಶಾಲೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಜಗಲಿ, ಒಂದರಿಂದ ನಾಲ್ಕನೆಯ ತರಗತಿಯವರೆಗಿನ 50 ಚಿಲ್ಲರೆ ಮಕ್ಕಳು, ನಾವಿಬ್ಬರು ಶಿಕ್ಷಕರು. ಒಂದು ತರಗತಿಗೆ ಒಬ್ಬ ಮೇಷ್ಟ್ರು, ಒಂದು ಪಿರಿಯಡ್ಡಿಗೆ ಒಂದು ಪಾಠ ಎಂಬ ಲೆಕ್ಕದಲ್ಲಿ ತಯಾರಾದ ನನ್ನ ಪಾಠಯೋಜನೆ ಅಲ್ಲಿ ಒಂದು ವಾರವೂ ನಡೆಯಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಹಾಜರಿಯದು. ಮಳೆಗಾಲದ ನಡುವೆ ಹೊಗೆಸೊಪ್ಪು ಕೊಯ್ಲಿಗೆ ಬಂದರೆ ಮಕ್ಕಳು ಎಲೆ ಪೋಣಿಸಲು ಬ್ಯಾರನ್ (ಎಲೆ ಹದಗೊಳಿಸುವ ಮನೆ) ಬಳಿ ಕೂರುತ್ತಿದ್ದರು. ಡಿಸೆಂಬರ್ ಬಂತೆಂದರೆ ಹಾಡಿಯ (ಬುಡಕಟ್ಟು ಜನರ ವಸತಿಯ) ಜೇನುಕುರುಬರ ಕುಟುಂಬಗಳು ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೊರಟುಬಿಡುತ್ತಿದ್ದವು, ಮಕ್ಕಳೂ ಜೊತೆಗೆ. ಎರಡು ತಿಂಗಳ ಬಳಿಕ ಮರಳಿದ ಹುಡುಗನಿಗೆ ಪುಸ್ತಕದ 40ನೆಯ ಪುಟ ತೆಗೆ ಎಂದರೆ ಅವನು 15ನೆಯ ಪುಟದಲ್ಲೇ ನಿಂತಿರುತ್ತಿದ್ದ. ನಾವು ಅವನನ್ನು ‘ಹಿಂದುಳಿದವನು’ ಎಂದು ದಾಖಲಿಸುತ್ತಿದ್ದೆವು, ಅವನು ಮಾರನೆಯ ವರ್ಷ ಬರುತ್ತಲೇ ಇರಲಿಲ್ಲ.

ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ ಆ ತಾಲ್ಲೂಕಿನಲ್ಲಿ 1995ರಲ್ಲೇ ಯುನಿಸೆಫ್ ನೆರವಿನಿಂದ ಮೊದಲಾಗಿತ್ತು. ಅಲ್ಲಿಯ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳಲ್ಲಿ ಒಬ್ಬೊಬ್ಬರೇ ಶಿಕ್ಷಕರು ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿ ಬಂದಿದ್ದರು. ಮೊದಲ ತಂಡದಲ್ಲಿ ನಾನಿರಲಿಲ್ಲ. ನಿಜ ಹೇಳಬೇಕೆಂದರೆ, ಆ ತಂಡದವರು ಮಕ್ಕಳೊಂದಿಗೆ ನೆಲದ ಮೇಲೆ ಕೂತು ಹಾಡುವುದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ. ನಗು ನಿಂತದ್ದು ಪಕ್ಕದೂರಿನ ಶಾಲೆಯಲ್ಲಿ ಅರ್ಧ ದಿನ ಕಳೆದ ಮೇಲೆ. ಅಲ್ಲಿ ಕೊಡಗಿನಿಂದ ಅದೇ ವಾರ ಬಂದಿದ್ದ ಹುಡುಗಿಯೊಬ್ಬಳು ಯಾರನ್ನೂ ಕೇಳದೆ ಗೋಡೆಯ ಮೇಲೆ ಕಲಿಕೆಯ ಹಂತಗಳನ್ನು ಸಂಕೇತಗಳಲ್ಲಿ ಸಾಲಾಗಿ ತೋರಿಸುವ ಕಲಿಕಾ ಏಣಿಯ ಮುಂದೆ ನಿಂತು, ತಾನು ಬಿಟ್ಟುಹೋಗಿದ್ದ ಮೆಟ್ಟಿಲನ್ನು ಬೆರಳಿಟ್ಟು ಹುಡುಕಿ, ಆ ಸಂಕೇತದ ಕಾರ್ಡನ್ನು ತಟ್ಟೆಯಿಂದ ತೆಗೆದುಕೊಂಡು ಗುಂಪಿನಲ್ಲಿ ಹೋಗಿ ಕೂತಳು. ಎರಡು ತಿಂಗಳು ಅವಳು ಇರಲಿಲ್ಲ ಎಂಬುದು ಆ ಕೋಣೆಯಲ್ಲಿ ಯಾರಿಗೂ ದೊಡ್ಡ ಸಂಗತಿಯಾಗಿರಲಿಲ್ಲ.

ಮರುವರ್ಷ ನಾನೂ ತರಬೇತಿಗೆ ಹೋದೆ. ಅದನ್ನು ತರಬೇತಿ ಎನ್ನುವುದಕ್ಕಿಂತ ಕಾರ್ಡು ಬರೆಯುವ ಕಮ್ಮಟ ಎನ್ನಬೇಕು. ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಐದಕ್ಷರಗಳಿಂದ ಓದು ತೊಡಗುವುದು ಏಕೆ ಎಂದು ನಾನು ಜಗಳವಾಡಿಯೇ ಒಪ್ಪಿಕೊಂಡೆ. ‘ಅ’ದಿಂದ ‘ಔ’ವರೆಗೆ ಎಲ್ಲ ಸ್ವರಗಳನ್ನೂ ತಿದ್ದಿದ ಮಗು ತಿಂಗಳುಗಳ ನಂತರವೂ ಹೇಳಿಕೊಳ್ಳುವಂಥ ಒಂದು ಪದವನ್ನು ಓದಲಾರದು, ಏಕೆಂದರೆ ಕನ್ನಡದಲ್ಲಿ ಸ್ವರಾಕ್ಷರಗಳು ಪದದ ಮೊದಲಿಗೆ ಬರುವುದೇ ಹೆಚ್ಚು, ಉಳಿದೆಡೆ ಅವು ಗುಣಿತದೊಳಗೆ ಅಡಗಿರುತ್ತವೆ. ಈ ಐದು ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಬರುತ್ತವೆ, ಮೂರನೆಯ ವಾರದಲ್ಲಿ ಮಗು ‘ಓದಿದೆ’ ಎಂದು ಮನೆಗೆ ಹೋಗಿ ಹೇಳಬಹುದು.

ಆದರೆ ಪದಪಟ್ಟಿ ಬೇರೆ, ಮಗುವಿನ ಬಾಯಿ ಬೇರೆ. ‘ಅರಸ’ ಎಂಬ ಕಾರ್ಡಿಗೆ ನಾನು ಕಿರೀಟವಿಟ್ಟ ಮನುಷ್ಯನನ್ನು ಬಿಡಿಸಿದ್ದೆ. ಹಾಡಿಯ ಹುಡುಗನೊಬ್ಬ ಅದನ್ನು ದಿಟ್ಟಿಸಿ ನೋಡಿ, “ಅರಿಸಿನವಾ ಸಾ?” ಎಂದು ಕೇಳಿದ. ರಾಜ ಎಂಬ ಮಾತನ್ನಾದರೂ ಅವನು ಬಲ್ಲ, ಅರಸ ಎಂಬುದು ಅವನ ಕಿವಿಗೆ ಬಿದ್ದೇ ಇರಲಿಲ್ಲ. ‘ದರ’ವೂ ಹಾಗೆಯೇ ಬಿದ್ದುಹೋಯಿತು, ಅವರ ಸಂತೆಯಲ್ಲಿ ಬೆಲೆಯಿದೆ, ದರವಿಲ್ಲ. ಗೆದ್ದದ್ದು ಗರಗಸ. ಬಡಗಿಯ ಮಗಳೊಬ್ಬಳು ಮನೆಯಿಂದ ಗರಗಸವನ್ನೇ ಹೊತ್ತು ತಂದಳು, ನಾನು ಹೆದರಿ ಅದನ್ನು ಬೀರುವಿನ ಮೇಲೆ ಇಟ್ಟೆ, ಆದರೆ ಆ ಮಧ್ಯಾಹ್ನವೆಲ್ಲ ಮಕ್ಕಳು ಗರ-ಗಸ, ಗರ-ಗಸ ಎಂದು ಗಾಳಿಯಲ್ಲಿ ಮರ ಕೊಯ್ಯುತ್ತಾ ಮೂರಕ್ಷರಗಳನ್ನು ನುಂಗಿಬಿಟ್ಟರು. ಅಂದು ಸಂಜೆ ಕೂತು ಆ ಕಾರ್ಡನ್ನು ಹೊಸದಾಗಿ ಬರೆದೆ. ಮದುವೆಯ ಕರೆಯೋಲೆಗಳ ಹಿಂಬದಿಯೇ ನಮ್ಮ ಕಾಗದ. ವೈಶಾಖ ಮಾಸ ಮುಗಿದರೆ ನಮಗೆ ಸುಗ್ಗಿ. ಆ ವರ್ಷ ನನ್ನ ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕನಿಷ್ಠ ಒಮ್ಮೆ ತಿದ್ದಿರಬೇಕು.

2002ರಲ್ಲಿ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದೆ. ಊರಿಗೆಲ್ಲ ಇದು ಬಡ್ತಿಯಂತೆ ಕಂಡಿತು. ಬೈಕಿನ ಮೇಲೆ ಶಾಲೆಯಿಂದ ಶಾಲೆಗೆ ಹೋಗಿ, ತಿಂಗಳಿಗೊಂದು ಸಮಾಲೋಚನಾ ಸಭೆ ನಡೆಸಿ, ಮಾಹಿತಿ ನಮೂನೆಗಳನ್ನು ತುಂಬಿ ಕಳಿಸುವ ಈ ಕೆಲಸದಲ್ಲಿ ನಾನು ಬಹುಬೇಗ ಜಾಣನಾದೆ. ತರಗತಿಗೆ ಕಾಲಿಟ್ಟೊಡನೆ ಕಣ್ಣು ಹೋಗುವುದು ‘ಪ್ರಗತಿ ನೋಟ’ದ ಹಾಳೆಗೆ: ಮಕ್ಕಳ ಹೆಸರು, ಮೈಲಿಗಲ್ಲು (ಏಣಿಯ ಒಂದೊಂದು ಹಂತ), ಗುರುತು. ಅದು ತುಂಬಿದ್ದರೆ, ತಲೆಯ ಮೇಲೆ ಕಟ್ಟಿದ ಕಲಿಕಾ ಚಪ್ಪರದ ದಾರಗಳಲ್ಲಿ ಚಿತ್ರಗಳು ತೂಗುತ್ತಿದ್ದರೆ, ಐದು ಗುಂಪುಗಳು ಐದು ಕಡೆ ಕೂತಿದ್ದರೆ, ಸಂದರ್ಶನ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದು ಮುಂದಿನ ಶಾಲೆ.

ಒಂದು ದಿನ ಅಂಥದೇ ‘ಉತ್ತಮ’ ಶಾಲೆಯಲ್ಲಿ ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಕೂರಲಾಗದೆ ಒಬ್ಬ ಹುಡುಗಿಯ ಪಕ್ಕ ಕೂತೆ. ಅವಳು ಆರನೆಯ ಮೈಲಿಗಲ್ಲಿನಲ್ಲಿದ್ದಳು. ಹಳೆಯ ಕಾರ್ಡೊಂದನ್ನು ಹಿಡಿದೆ, ಥಟ್ಟನೆ “ಸರ” ಎಂದಳು. ಚಿತ್ರದ ಮೇಲೆ ಹೆಬ್ಬೆರಳು ಇಟ್ಟು ಮತ್ತೆ ಹಿಡಿದೆ. ಅವಳು ನನ್ನ ಮುಖ ನೋಡಿದಳು, ಬೆರಳು ನೋಡಿದಳು, ನನ್ನ ಬೆರಳನ್ನು ಮೆಲ್ಲಗೆ ಸರಿಸಲು ನೋಡಿದಳು. ಮೂರು ಕಾರ್ಡುಗಳಲ್ಲೂ ಹಾಗೆಯೇ ಆಯಿತು. ಅವಳು ಓದುತ್ತಿದ್ದದ್ದು ಚಿತ್ರವನ್ನು. ಅವಳ ಮೇಷ್ಟ್ರು ಸೋಮಾರಿಯಲ್ಲ, ಕಾಟಾಚಾರಕ್ಕೆ ಕೆಲಸ ಮಾಡುವವರೂ ಅಲ್ಲ. ಮೆಟ್ಟಿಲು ಏರಿಸಿ ಗುರುತು ಹಾಕಿದ್ದಕ್ಕೆ ಹಿಂದಿನ ಮೂರು ಭೇಟಿಗಳಲ್ಲಿ ನಾನೇ ಶಹಬ್ಬಾಸ್ ಎಂದಿದ್ದೆ. ಅವರು ನಾನು ಏನನ್ನು ನೋಡುತ್ತೇನೋ ಅದನ್ನು ತಯಾರಿಸಿ ಇಟ್ಟಿದ್ದರು. ಆ ದಿನ ಸಂದರ್ಶನ ಪುಸ್ತಕದಲ್ಲಿ ಏನೂ ಬರೆಯದೆ ಬಂದೆ, ಅದಕ್ಕೆ ಮೇಲಿನವರಿಂದ ಒಂದು ಮೆಮೊ ಸಿಕ್ಕಿತು.

ಆಮೇಲೆ ಸಮಾಲೋಚನಾ ಸಭೆಯಲ್ಲಿ ಹೆಬ್ಬೆರಳಿನ ಪರೀಕ್ಷೆಯನ್ನು ಶಿಕ್ಷಕರ ಮುಂದೆ ಇಟ್ಟೆ. ಮೊದಲು ಮುನಿಸು, ನಂತರ ನಗು, ಎರಡನೆಯ ಸಭೆಯ ಹೊತ್ತಿಗೆ ತಮ್ಮ ತಮ್ಮ ಶಾಲೆಯಲ್ಲಿ ಸಿಕ್ಕಿಬಿದ್ದ ಮಕ್ಕಳ ಕಥೆಗಳು. ಚಿತ್ರವನ್ನು ಕಾರ್ಡಿನ ಹಿಂಬದಿಗೆ ಹಾಕುವ ಉಪಾಯ ಅಲ್ಲಿಂದಲೇ ಬಂತು. ಅದು ನನ್ನದಲ್ಲ, ನಿವೃತ್ತಿಗೆ ಎರಡು ವರ್ಷವಿದ್ದ ಶಿಕ್ಷಕಿಯೊಬ್ಬರದು.

2009-10ರಲ್ಲಿ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ ವಿಸ್ತರಿಸಿದಾಗ, ಮರುವರ್ಷ ಮೂರನೆಯ ತರಗತಿಯೂ ಸೇರಿದಾಗ, ನಾನು ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳಲ್ಲೊಬ್ಬನಾಗಿದ್ದೆ. ಅಚ್ಚಾದ ಕಾರ್ಡುಗಳು ಚಂದವಾಗಿದ್ದವು, ನಮ್ಮ ಕರೆಯೋಲೆಗಳಿಗಿಂತ ನೂರು ಪಾಲು ಮೇಲು. ಅಷ್ಟು ಶಾಲೆಗಳಿಗೆ ಕೈಬರಹದ ಕಾರ್ಡು ಸಾಧ್ಯವೂ ಇರಲಿಲ್ಲ, ಅಚ್ಚು ಹಾಕಿದ್ದು ತಪ್ಪು ಎಂದು ನಾನು ಈಗಲೂ ಹೇಳುವುದಿಲ್ಲ. ನನ್ನ ತಪ್ಪು ಬೇರೆಯದು. ಕಾರ್ಡು ಬರೆಯುತ್ತಾ ನಾನು ಪಡೆದದ್ದನ್ನು ಕಾರ್ಡು ವಿವರಿಸಿ ಕೊಟ್ಟುಬಿಡಬಹುದು ಎಂದು ನಂಬಿದೆ. ಒಂದು ಸಭಾಂಗಣದಲ್ಲಿ 80 ಶಿಕ್ಷಕರು, ಗೋಡೆಯ ಮೇಲೆ ಪಿಪಿಟಿ, ಮೊದಲ ದಿನ ಸಂಕೇತಗಳು, ಎರಡನೆಯ ದಿನ ತಟ್ಟೆಗಳು, ಕೊನೆಯ ದಿನ ಪ್ರಗತಿ ನೋಟ ತುಂಬುವುದು. ಹಾಡು ಕುಣಿತಕ್ಕೇನೂ ಕೊರತೆಯಿರಲಿಲ್ಲ. “ಸಾರ್, ಈ ಕಾರ್ಡಿನ ಪದ ನಮ್ಮ ಮಕ್ಕಳಿಗೆ ಗೊತ್ತಿಲ್ಲವಲ್ಲ, ಬದಲಾಯಿಸಬಹುದೇ?” ಎಂದು ಚಾಮರಾಜನಗರದ ಕಡೆಯ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು. ಸಮಯ ಮೀರುತ್ತಿತ್ತು. “ಸದ್ಯಕ್ಕೆ ಇದ್ದದ್ದನ್ನು ಇದ್ದ ಹಾಗೆ ಮಾಡಿ ಮೇಡಂ” ಎಂದೆ. ಅರಿಸಿನವಾ ಎಂದು ಕೇಳಿದ ಹುಡುಗ ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ. ನೆನಪಾದದ್ದು ಬಸ್ಸಿನಲ್ಲಿ, ನಂಜನಗೂಡು ದಾಟಿದ ಮೇಲೆ.

ಮೂರು ವರ್ಷಗಳ ನಂತರ ನಾನಾಗಿಯೇ ಕೇಳಿ ಶಾಲೆಗೆ ಮರಳಿದೆ. ಮನೆಯವರೂ ಸೇರಿ ಎಲ್ಲರೂ ಇದನ್ನು ಹಿಂಬಡ್ತಿ ಎಂದರು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟಿನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಆರಂಭವಾದಾಗ ಕಾರ್ಡಿನ ಪೆಟ್ಟಿಗೆ ಬೀಗ ಹಾಕಿದ ಕೋಣೆಯೊಳಗೆ, ನಾವು ಅರಳಿಕಟ್ಟೆಯ ಮೇಲೆ. ಮಳೆ ಬಂದರೆ ಒದ್ದೆಯಾದರೂ ಚಿಂತೆಯಿಲ್ಲದ ಕಾರ್ಡು ಬೇಕಿತ್ತು. ಮದುವೆಗಳು ನಡೆಯದ ಆ ವರ್ಷ ಕರೆಯೋಲೆಗಳೂ ಇರಲಿಲ್ಲ. ಖಾಲಿ ಗೊಬ್ಬರದ ಚೀಲಗಳನ್ನು ಕತ್ತರಿಸಿ, ಒಳಮೈಗೆ ಮಾರ್ಕರಿನಿಂದ ಬರೆದೆವು. ನನ್ನ ಜೊತೆಗಿದ್ದ ಕಿರಿಯ ಶಿಕ್ಷಕ ಅಚ್ಚಾದ ಕಾರ್ಡುಗಳ ಜೊತೆಯೇ ವೃತ್ತಿಗೆ ಬಂದವನು, ತಾನೇ ಒಂದು ಕಾರ್ಡು ಬರೆದವನಲ್ಲ. ಮೊದಲ ದಿನ ಅವನು ಬರೆದದ್ದು ‘ಅರಸ’. ನಾನು ಬಾಯಿ ಬಿಡಲಿಲ್ಲ.

ಎರಡು ದಿನದ ಬಳಿಕ ಅವನೇ ಚೀಲದ ಇನ್ನೊಂದು ತುಂಡನ್ನು ಕತ್ತರಿಸುತ್ತಾ, ಈ ಮಕ್ಕಳು ಕೆರೆಯ ಬಳಿ ದಿನಾ ಏನೇನು ನೋಡುತ್ತಾರೆ ಸಾರ್, ಐದಕ್ಷರದಲ್ಲಿ ಹಿಡಿಸುವಂಥದ್ದು, ಎಂದು ಕೇಳಿದ. ಅಗಸ ಎಂದೆ. ಅಗಸರು ಈಗ ಆ ಕೆರೆಗೆ ಬರುವುದಿಲ್ಲ ಎಂದ. ಇಬ್ಬರೂ ಚೀಲ ಹಿಡಿದುಕೊಂಡು ಕಟ್ಟೆಯ ಮೇಲೆ ಯೋಚಿಸುತ್ತಾ ಕೂತೆವು.