ಮಗಳ ಹೈಸ್ಕೂಲು ಗಣಿತ: ಕೋರ್ಸುಗಳನ್ನು ನಾವು ಆರಿಸಿದ ಬಗೆ

ನಾನು ಪಿಯುಸಿಗೆ ಸೇರುವಾಗ ಪಿಸಿಎಂಬಿ ಎಂದು ಬರೆದುಕೊಟ್ಟರೆ ಗಣಿತದ ವಿಚಾರ ಅಲ್ಲಿಗೆ ಇತ್ಯರ್ಥವಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಓದಿದ ನನ್ನ ಮಗಳಿಗೆ ಯಾವ ಮಟ್ಟದ ಗಣಿತ ಬೇಕೆಂಬುದನ್ನು ವರ್ಷವರ್ಷವೂ ಹೊಸದಾಗಿ ನಿರ್ಧರಿಸಬೇಕಾಯಿತು. ಎಂಜಿನಿಯರಿಂಗ್ ಓದುವ ಆಸೆ ಅವಳಿಗಿದ್ದುದರಿಂದ ಈ ಆಯ್ಕೆಗೆ ನಾನು ಹೆಚ್ಚು ಸಮಯ ಕೊಟ್ಟೆ.

ಅವಳು ಹತ್ತನೆಯ ತರಗತಿಯಲ್ಲಿ ಆಲ್ಜೀಬ್ರಾ 2 ಓದುತ್ತಿದ್ದಾಗ, ಪರಿಚಯದ ಹಲವು ಮನೆಗಳಲ್ಲಿ ಮಕ್ಕಳು ಬೇಸಿಗೆ ರಜೆಯಲ್ಲೇ ಕ್ಯಾಲ್ಕುಲಸ್‌ಗೆ ಮುಂಚಿನ ಮೆಟ್ಟಿಲಾದ ಪ್ರಿಕ್ಯಾಲ್ಕುಲಸ್ ಮುಗಿಸಿ, ಹನ್ನೊಂದರಲ್ಲಿ ಎಪಿ ಕ್ಯಾಲ್ಕುಲಸ್ ಬಿಸಿ (BC), ಹನ್ನೆರಡರಲ್ಲಿ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಅದರ ಮುಂದಿನ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಓದುವ ಸಿದ್ಧತೆಯಲ್ಲಿದ್ದರು. ಎಪಿ ಎಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು; ಅದರ ಕ್ಯಾಲ್ಕುಲಸ್‌ನಲ್ಲಿ ಎಬಿ (AB), ಬಿಸಿ ಎಂಬ ಎರಡು ಕೋರ್ಸುಗಳಿವೆ. ನಾನು ಮೊದಲು ಓದಿದ್ದು ಶಾಲೆಯ ಪ್ರೊಫೈಲನ್ನು. ಶಾಲೆಯಲ್ಲಿ ಯಾವ ಯಾವ ಕೋರ್ಸುಗಳಿವೆ ಎಂದು ವಿಶ್ವವಿದ್ಯಾಲಯಗಳಿಗೆ ತಿಳಿಸುವ ಪತ್ರವದು. ಅದೇ ಶಾಲೆಯ ಉಳಿದ ಮಕ್ಕಳಿಗೆ ಹೋಲಿಸಿದರೆ ಈ ವಿದ್ಯಾರ್ಥಿ ಆರಿಸಿಕೊಂಡ ಪಾಠಗಳು ಎಷ್ಟು ಕಠಿಣ ಎಂದು ಶಾಲೆಯ ಕೌನ್ಸೆಲರನ್ನು ಕಾಮನ್ ಆ್ಯಪ್, ಅಂದರೆ ಹಲವು ವಿಶ್ವವಿದ್ಯಾಲಯಗಳಿಗೆ ಸಲ್ಲುವ ಸಾಮಾನ್ಯ ಅರ್ಜಿ, ಕೇಳುತ್ತದೆ. ನಮ್ಮ ಶಾಲೆಯ ಗಣಿತ ಬಿಸಿಯಲ್ಲೇ ಮುಗಿಯುತ್ತಿದ್ದುದರಿಂದ, ಹನ್ನೆರಡರಲ್ಲಿ ಅದನ್ನು ಓದಿದರೂ ಅವಳು ಶಾಲೆಯ ಕೊನೆಯ ಮೆಟ್ಟಿಲನ್ನು ತಲುಪುತ್ತಿದ್ದಳು.

ಬುನಾದಿ ಎಷ್ಟು ಗಟ್ಟಿಯಿದೆ ಎಂದು ತಿಳಿಯಲು ಒಂದು ಸಂಜೆ ಲಿಮಿಟ್‌ನ ಕಲ್ಪನೆಯನ್ನು ವಿವರಿಸಿ ಒಂದು ಲೆಕ್ಕ ಕೊಟ್ಟೆ: ಎಕ್ಸ್‌ಗೆ 4 ಕೂಡಿಸಿ, ಅದರ ವರ್ಗಮೂಲದಿಂದ 2 ಕಳೆದು, ಉಳಿದದ್ದನ್ನು ಎಕ್ಸ್‌ನಿಂದ ಭಾಗಿಸಿದರೆ, ಎಕ್ಸ್ ಸೊನ್ನೆಯನ್ನು ಸಮೀಪಿಸಿದಂತೆ ಬೆಲೆ ಏನಾಗುತ್ತದೆ? ನೇರವಾಗಿ ಸೊನ್ನೆ ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ ಎಂಬುದು ಅವಳಿಗೆ ತಕ್ಷಣ ಹೊಳೆಯಿತು. ಆದರೆ ಅಂಶ, ಛೇದ ಎರಡನ್ನೂ ಅದೇ ವರ್ಗಮೂಲಕ್ಕೆ 2 ಕೂಡಿಸಿದ ಮೊತ್ತದಿಂದ ಗುಣಿಸಿ 1/4 ಎಂಬ ಉತ್ತರಕ್ಕೆ ಬರುವಲ್ಲಿ ಪೆನ್ಸಿಲ್ ನಿಂತಿತು. ಕ್ಯಾಲ್ಕುಲಸ್‌ನ ಕಲ್ಪನೆ ಅವಳಿಗೆ ದಕ್ಕುತ್ತಿತ್ತು, ಬೀಜಗಣಿತದ ಕೈಪಳಗಿಕೆ ಇನ್ನೂ ಬೇಕಿತ್ತು. ಹನ್ನೊಂದರಲ್ಲಿ ಇಡೀ ವರ್ಷ ಪ್ರಿಕ್ಯಾಲ್ಕುಲಸ್ ಓದುವುದೆಂದು ನಾವಿಬ್ಬರೂ ಕೂತು ನಿಶ್ಚಯಿಸಿದೆವು.

ಹನ್ನೆರಡಕ್ಕೆ ಎಬಿಯೋ ಬಿಸಿಯೋ ಎಂಬ ಪ್ರಶ್ನೆ ಬಂತು. ಎಬಿಯಲ್ಲಿರುವ ಲಿಮಿಟ್, ಅವಕಲನ, ಅನುಕಲನಗಳೆಲ್ಲವೂ ಬಿಸಿಯಲ್ಲಿದ್ದು, ಅನಂತ ಶ್ರೇಣಿಗಳು ಮತ್ತು ಪೋಲಾರ್ ವಕ್ರರೇಖೆಗಳಂಥವು ಹೆಚ್ಚುವರಿಯಾಗಿ ಬರುತ್ತವೆ. ಪ್ರಿಕ್ಯಾಲ್ಕುಲಸ್‌ನಲ್ಲಿ ಅವಳು ಗಟ್ಟಿಯಾದ ಮೇಲೆ ಬಿಸಿಯೇ ಸರಿಯೆನಿಸಿತು. ಸ್ಟ್ಯಾಟಿಸ್ಟಿಕ್ಸನ್ನು ಅದರ ಜೊತೆಗೆ ಓದಿದಳು. ಎಂಜಿನಿಯರಿಂಗ್ ಬಯಸುವವರು ಅದನ್ನು ಕ್ಯಾಲ್ಕುಲಸ್‌ಗೆ ಬದಲಿಯಾಗಿ ಓದುವುದನ್ನು ನಾನು ಒಪ್ಪುವುದಿಲ್ಲ. ಆಲ್ಜೀಬ್ರಾ 2ರ ಬದಲು ಡೇಟಾ ಸೈನ್ಸ್ ಓದಿದರೆ ಸಾಕೆಂದು ನಂಬಿದ ಪೋಷಕರನ್ನೂ ನೋಡಿದ್ದೇನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಆ ದಾರಿಯನ್ನು 2023ರಲ್ಲೇ ಮುಚ್ಚಿತು.

ಎಪಿ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ. ಹನ್ನೆರಡನೆಯ ತರಗತಿಯವರ ಪ್ರವೇಶ ಅಷ್ಟರಲ್ಲಿ ತೀರ್ಮಾನವಾಗಿರುವುದರಿಂದ, ಅರ್ಜಿಯಲ್ಲಿ ಕಾಣುವುದು ಬಿಸಿ ಓದುತ್ತಿದ್ದಾಳೆ ಎಂಬ ಸಂಗತಿ ಮತ್ತು ಹಿಂದಿನ ವರ್ಷಗಳ ಗ್ರೇಡುಗಳು. ಹಲವು ಖಾಸಗಿ ವಿಶ್ವವಿದ್ಯಾಲಯಗಳು ನಡುವರ್ಷದ ಗ್ರೇಡನ್ನೂ ಕೇಳುತ್ತವೆ. ಪ್ರಿಕ್ಯಾಲ್ಕುಲಸನ್ನು ಅವಸರಿಸದೆ ಓದಿ ಪಡೆದ ಗ್ರೇಡು, ಆ ಶಿಕ್ಷಕಿ ಬರೆದುಕೊಟ್ಟ ಶಿಫಾರಸು ಪತ್ರ ಎರಡೂ ಅವಳ ಅರ್ಜಿಗೆ ಬಲವಾದವು.

ಬಿಸಿ ಅಂಕದ ಉಪಯೋಗ ಕ್ರೆಡಿಟ್‌ಗೆ, ಅಂದರೆ ಕಾಲೇಜಿನ ಕೋರ್ಸೊಂದನ್ನು ಓದಿ ಮುಗಿಸಿದಂತೆ ಲೆಕ್ಕಕ್ಕೆ ಹಿಡಿಯುವುದಕ್ಕೆ. ಎಂಐಟಿ ಗರಿಷ್ಠವಾದ 5 ಅಂಕ ಪಡೆದವರಿಗೆ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್ ಕೊಡುತ್ತದೆ, ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದಿಲ್ಲ. ಮಗಳು ಸೇರಿದ ವಿಶ್ವವಿದ್ಯಾಲಯದಲ್ಲಿ ಕ್ರೆಡಿಟ್ ದೊರೆತದ್ದರಿಂದ ಮಲ್ಟಿವೇರಿಯಬಲ್ ಕ್ಯಾಲ್ಕುಲಸನ್ನು ಅವಳು ಅಲ್ಲಿಯೇ, ಮೊದಲ ಸೆಮಿಸ್ಟರಿನಲ್ಲಿ ಓದಿದಳು.